ಗೂಳಿಯ ಹೊಟ್ಟೆಯಲ್ಲಿದ್ದ ಗಿಳಿ

ನನ್ನ ಮಾವನವರನ್ನೂ ಅವರ ಕಾರನ್ನೂ ನಾನು ಮೊದಲು ಕಂಡದ್ದು ಒಂದೇ ದಿನ, ಒಂದೇ ಗಳಿಗೆಯಲ್ಲಿ. ಇಬ್ಬರಲ್ಲಿ ಯಾರು ಹೆಚ್ಚು ಗುರುಗುಟ್ಟಿದರು ಎಂಬುದನ್ನು ಮೂವತ್ತೊಂದು ವರ್ಷ ಕಳೆದರೂ ನನ್ನಿಂದ ತೀರ್ಮಾನಿಸಲಾಗಿಲ್ಲ.

ಮದುವೆ ನಿಶ್ಚಯವಾದ ಹೊಸತು. ಅವರ ಮರಗೆಲಸದ ಕಾರ್ಖಾನೆಯ ಗೇಟಿನ ಮುಂದೆ ಸೈಕಲ್ಲಿನಿಂದ ಇಳಿದು, ಪ್ಯಾಂಟಿನ ಕಾಲಿಗೆ ಸಿಕ್ಕಿಸಿದ್ದ ಕ್ಲಿಪ್ಪನ್ನು ತೆಗೆಯುತ್ತಿದ್ದೆ. ಒಳಗೆ ಗುಡುಗಿದ ಸದ್ದಾಯಿತು. ಗೇಟು ತೆರೆಯಿತು. ಮೊದಲು ಒಂದು ಮೂತಿ ಬಂತು. ಮೂತಿ ಬರುತ್ತಲೇ ಇತ್ತು. ಅದರ ಹಿಂದೆ ಕಾರು ಇದೆಯೆಂಬ ಸೂಚನೆಯೇ ಇರಲಿಲ್ಲ. ಕೊನೆಗೂ ಬಂತು: ಎರಡೇ ಬಾಗಿಲು, ಅಗಲವಾದ ಹೆಗಲು, ಎಂಟು ಸಿಲಿಂಡರಿನ ಎದೆ. ಗರಡಿಮನೆಯಿಂದ ನೇರವಾಗಿ ಎದ್ದು ಬಂದ ಪೈಲ್ವಾನನಂತಿತ್ತು. (ಇಂಥದ್ದಕ್ಕೆ ‘ಮಸಲ್ ಕಾರು’, ಎಂದರೆ ಮಾಂಸಖಂಡದ ಕಾರು, ಎನ್ನುತ್ತಾರೆಂದು ಆಮೇಲೆ ತಿಳಿಯಿತು. ಅದರ ಪಕ್ಕದಲ್ಲಿ ನಿಂತಿದ್ದ ನನ್ನ ತೋಳುಗಳನ್ನು ನೋಡಿದವರಿಗೆ ಆ ಹೆಸರು ಹೊಳೆಯುವಂತಿರಲಿಲ್ಲ.) ಮಾವನವರು ಅದಕ್ಕೆ ಇಟ್ಟ ಹೆಸರು ಗೂಳಿ.

ಅವರು ಕಿಟಕಿಯಿಂದ ತಲೆ ಹೊರಹಾಕಿ ನನ್ನನ್ನೂ ಸೈಕಲ್ಲನ್ನೂ ಒಟ್ಟಿಗೇ ಅಳೆದರು.

“ನೀವೇನಾ ವ್ಯಾಕರಣದ ಮೇಷ್ಟ್ರು?”

“ಹೌದು.”

“ಕಾರ್ ಓಡಿಸೋಕೆ ಬರುತ್ತಾ?”

“ಬರುತ್ತೆ,” ಎಂದೆ. ಶಾಲೆಯ ವ್ಯಾನನ್ನು, ಚಾಲಕನನ್ನು ಪಕ್ಕದಲ್ಲಿ ಕೂರಿಸಿಕೊಂಡು, ಮೈದಾನದಲ್ಲಿ ಮೂರು ಸುತ್ತು ಓಡಿಸಿದ್ದೆ. ಆದ್ದರಿಂದ ನಾನು ಹೇಳಿದ್ದು ಸುಳ್ಳಲ್ಲ. ಸತ್ಯಕ್ಕೆ ತೊಡಿಸಿದ ಅಂಗಿ ಸ್ವಲ್ಪ ದೊಡ್ಡದಾಗಿತ್ತು, ಅಷ್ಟೆ.

ಮದುವೆಯಾದ ಎರಡನೆಯ ತಿಂಗಳಲ್ಲಿ ಆ ಮಾತಿಗೆ ಪರೀಕ್ಷೆ ಬಂತು. ನಾವಿಬ್ಬರೂ ಮಾವನ ಮನೆಗೆ ಹೋಗಿದ್ದೆವು. ನನ್ನಾಕೆ ಅವಳಮ್ಮನ ಜೊತೆ ಪೇಟೆಗೆ ಹೋದ ಹೊತ್ತಿನಲ್ಲಿ ಮಾವನವರಿಗೆ ಇದ್ದಕ್ಕಿದ್ದಂತೆ ಔದಾರ್ಯ ಉಕ್ಕಿತು. ಗೂಳಿಯ ಕೀಲಿಯನ್ನು ನನ್ನ ಅಂಗೈಯಲ್ಲಿಟ್ಟು, “ಸೇತುವೆವರೆಗೆ ಹೋಗಿ ಬನ್ನಿ,” ಎಂದರು. ಹೋದೆ. ಅರ್ಧ ದಾರಿಯಲ್ಲಿ ಸ್ಟೇರಿಂಗಿನ ಹಿಂದೆ ಒಂದು ಪುಟ್ಟ ಕೆಂಪು ದೀಪ ಹತ್ತಿಕೊಂಡಿತು. ಎಷ್ಟು ಚೆಂದದ ಕೆಂಪು! ನನ್ನ ಚಾಲನೆಯನ್ನು ಮೆಚ್ಚಿ ಗೂಳಿಯೇ ಕೊಟ್ಟ ಶಹಭಾಸ್‌ಗಿರಿ ಎಂದುಕೊಂಡು ಇನ್ನಷ್ಟು ಒತ್ತಿದೆ. (ಕೆಂಪು ಶಾಯಿಯಿಂದ ಗುರುತು ಹಾಕುವ ವೃತ್ತಿ ನನ್ನದು. ನನಗೇ ಯಾರಾದರೂ ಕೆಂಪು ಗುರುತು ಹಾಕಬಹುದೆಂದು ಹೇಗೆ ಹೊಳೆಯಬೇಕು?) ಐದು ನಿಮಿಷದಲ್ಲಿ ಡಬ್ಬಿಯೊಳಗೆ ಗೋಲಿ ಅಲ್ಲಾಡಿಸಿದಂಥ ಸದ್ದು, ಒಂದು ದೀರ್ಘ ನಿಟ್ಟುಸಿರು, ಆಮೇಲೆ ಮೌನ. ಎಣ್ಣೆಯೆಲ್ಲ ಸೋರಿಹೋಗಿ, ಇಂಜಿನ್ನಿನ ಒಳಗಿನ ಭಾಗಗಳು ಒಂದನ್ನೊಂದು ಕಚ್ಚಿಕೊಂಡು ನಿಂತಿದ್ದವು. ಆ ದೀಪ ಹೇಳುತ್ತಿದ್ದದ್ದು ಅದನ್ನೇ.

ಕಾರ್ಖಾನೆಯ ಎಂಟು ಜನ ಗೂಳಿಯನ್ನು ತಳ್ಳಿಕೊಂಡು ಬಂದರು. ಮಾವನವರು ಅದರ ಸುತ್ತ ಒಂದು ಸುತ್ತು ಬಂದು, ಬಗ್ಗಿ ನೋಡಿ, ಎದ್ದು, ಎರಡೇ ಮಾತು ಹೇಳಿದರು: “ಕೊಂದ್ರಿ, ಅಳಿಯಂದ್ರೇ.”

ಮೇಲೆ ಟಾರ್ಪಾಲು ಬಿತ್ತು. ಅಲ್ಲಿಂದ ಮುಂದೆ ನೆಂಟರಿಷ್ಟರ ಮುಂದೆ ನನ್ನ ಪರಿಚಯ ಹೀಗೆ: “ಇವನು ನನ್ನ ಮಗ, ವೈದ್ಯ. ಇವರು ಇಂಜಿನ್ ಕೊಂದ ಅಳಿಯ.” ಮಗ ಎಷ್ಟು ಜನರನ್ನು ಬದುಕಿಸಿದನೆಂದು ಯಾರೂ ಕೇಳುತ್ತಿರಲಿಲ್ಲ. ನಾನು ಹೇಗೆ ಕೊಂದೆನೆಂದು ಎಲ್ಲರೂ ಕುರ್ಚಿ ಎಳೆದುಕೊಂಡು ಕೇಳುತ್ತಿದ್ದರು.

ಕಳೆದ ವರ್ಷ ಮಾವನವರು ಕಾರ್ಖಾನೆ ಮುಚ್ಚಿ ನಮ್ಮ ಮನೆಗೆ ಬಂದರು. ಅವರ ಜೊತೆ ಎರಡು ಟ್ರಂಕು, ಒಂದು ಆರಾಮಕುರ್ಚಿ, ಮತ್ತು ಲಾರಿಯ ಹಿಂದೆ ಹಗ್ಗ ಕಟ್ಟಿಸಿಕೊಂಡ ಗೂಳಿ. ಹಿತ್ತಲಿನಲ್ಲಿ, ಬಟ್ಟೆ ಒಣಹಾಕುವ ತಂತಿಯ ಕೆಳಗೆ ಅದು ನೆಲೆಯೂರಿತು. ಪಕ್ಕದ ಮನೆಯ ಬೆಕ್ಕು ಹಿಂದಿನ ಸೀಟನ್ನು ಹೆರಿಗೆಮನೆ ಮಾಡಿಕೊಂಡಿತು. ಮಾವನವರು ದಿನಾ ಬೆಳಗ್ಗೆ ಚಹಾದ ಲೋಟ ಹಿಡಿದು ಅದರ ಎದುರು ಕುಳಿತು, ಅಡುಗೆಮನೆಯಲ್ಲಿರುವ ನನಗೆ ಕೇಳಿಸುವಷ್ಟು ಜೋರಾಗಿ ನಿಟ್ಟುಸಿರು ಬಿಡುತ್ತಿದ್ದರು.

ಅದೇ ಸಮಯಕ್ಕೆ ನನಗೆ ನಿವೃತ್ತಿಯಾಯಿತು. ಕೈ ಖಾಲಿಯಾದರೆ ತಲೆಗೆ ಕೆಲಸ ಬರುತ್ತದೆ.

“ಮಾವ, ಗೂಳಿ ಮತ್ತೆ ಓಡೋ ಹಾಗೆ ಮಾಡ್ತೀನಿ,” ಎಂದೆ.

“ಒಂದು ಸಲ ಕೊಂದಿದ್ದು ಸಾಲದಾ?”

“ಓಡಿದ್ರೆ?”

ಅವರು ಲೋಟ ಕೆಳಗಿಟ್ಟರು. “ಓಡಿದ್ರೆ, ನನಗೆ ಎಂಬತ್ತೈದು ತುಂಬೋ ದಿನ, ಎಲ್ಲರ ಮುಂದೆ ಆ ಮಾತು ವಾಪಸ್ ತಗೋತೀನಿ.”

ನಾಲ್ಕು ತಿಂಗಳು ಉಳಿದಿತ್ತು. ಮೂವತ್ತೊಂದು ವರ್ಷದ ಕಳಂಕ ತೊಳೆಯಲು ಅಷ್ಟು ಸಾಕೆಂದು ಭಾವಿಸಿದೆ. ವಿಷಯ ತಿಳಿದ ನನ್ನಾಕೆ ಹೊಲಿಗೆ ಯಂತ್ರದ ಪೆಡಲ್ ತುಳಿಯುವುದನ್ನು ನಿಲ್ಲಿಸಿದಳು.

“ಸತ್ತಿದ್ದನ್ನ ಯಾಕ್ರೀ ಕೆದಕ್ತೀರಾ?”

“ನನ್ನ ಮಾನದ ಪ್ರಶ್ನೆ.”

“ಮಾನ ಇಲ್ದೇನೂ ಇಷ್ಟು ವರ್ಷ ಚೆನ್ನಾಗೇ ಊಟ ಮಾಡಿದ್ರಲ್ಲ!” ಎಂದವಳು, ಸ್ವಲ್ಪ ತಡೆದು, “ಬೇಕಾದ್ರೆ ಮೇಲೆ ಬಣ್ಣ ಬಳೀರಿ. ಕೆಳಗಡೆ ಏನೂ ಬಿಚ್ಚೋಕೆ ಹೋಗಬೇಡಿ. ಕೆಳಗೆ ಬಗ್ಗಿ ಯಾರು ನೋಡ್ತಾರೆ?” ಎಂದಳು.

ಖರ್ಚಿನ ಮೇಲೆ ಅವಳಿಗಿರುವ ಹಿಡಿತವನ್ನು ಮನಸ್ಸಿನಲ್ಲೇ ಕೊಂಡಾಡಿದೆ. (ವ್ಯಾಕರಣದ ಮೇಷ್ಟ್ರುಗಳಷ್ಟು ಮುಗ್ಧರು ಲೋಕದಲ್ಲಿ ಬೇರೆ ಇಲ್ಲ.)

ಖರ್ಚಿಗೆ ಒಂದೇ ದಾರಿಯಿತ್ತು. ಎರಡು ದವಡೆಹಲ್ಲು ಕಟ್ಟಿಸಿಕೊಳ್ಳಲು ನಾನೊಂದಿಷ್ಟು ಹಣ ಎತ್ತಿಟ್ಟಿದ್ದೆ. ಹೀಗೆ ನನ್ನ ಬಾಯಿಗೆ ಬರಬೇಕಾಗಿದ್ದ ಹಲ್ಲುಗಳು ಗೂಳಿಯ ಗೇರಿಗೆ ಹೋದವು. ನಾನು ಒಂದೇ ಬದಿಯಲ್ಲಿ ಅಗಿಯುವುದನ್ನು ರೂಢಿಸಿಕೊಂಡೆ. ಕೆಲಸಕ್ಕೆ ಸಿಕ್ಕವನು ಬೀದಿಯ ತುದಿಯ ಗ್ಯಾರೇಜಿನ ಮೇಸ್ತ್ರಿ. ಏನು ಕೇಳಿದರೂ ‘ಹೂಂ’ ಎನ್ನುತ್ತಿದ್ದುದರಿಂದ ಎಲ್ಲರ ಬಾಯಲ್ಲಿ ಹೂಂಮೇಸ್ತ್ರಿ. ನಾನಾದರೋ ಗೆರೆ ಹಾಕಿದ ದಪ್ಪ ನೋಟುಪುಸ್ತಕ ಹಿಡಿದು, ಬಿಚ್ಚಿದ ಪ್ರತಿ ಬೋಲ್ಟಿಗೂ ಕ್ರಮಸಂಖ್ಯೆ ಕೊಟ್ಟು, ದಾರದಲ್ಲಿ ಚೀಟಿ ಕಟ್ಟಿ, “ಇದರ ಪ್ರಯೋಜನವೇನು?” ಎಂದು ಕೇಳುತ್ತಿದ್ದೆ. “ಹೂಂ,” ಎನ್ನುತ್ತಿದ್ದ. ಹಾಗೆಯೇ ಬರೆದುಕೊಳ್ಳುತ್ತಿದ್ದೆ. ಆ ಪುಸ್ತಕದಲ್ಲಿ ಈಗಲೂ ಇನ್ನೂರ ಹನ್ನೆರಡು ಹೂಂಗಳಿವೆ.

ಬೇರಿಂಗುಗಳನ್ನು ಗುಜರಿಯಲ್ಲಿ ಮಲಗಿದ್ದ ಯಾವುದೋ ಲಾರಿ ದಾನ ಮಾಡಿತು. ಹೊಗೆ ಹೋಗುವ ಕೊಳವೆ ಹಳೆಯ ನೀರಿನ ಪಂಪಿನದು. ಬಣ್ಣ, ನಮ್ಮ ಗೇಟಿಗೆ ಬಳಿದು ಉಳಿದ ಹಸಿರು.

“ರೀ, ನಡುಮನೆ ಕಿಟಕಿ ಪರದೆ ಎಲ್ಲಿ?”

“ಗೂಳಿಯ ಸೀಟಿನ ಮೇಲೆ.”

“ಸರಿ ಹಾಗಾದ್ರೆ. ಎದುರುಮನೆಯವರಿಗೆ ಇನ್ಮೇಲೆ ನಮ್ಮ ಊಟ ನೋಡೋಕೆ ಟಿಕೆಟ್ ಇಟ್ಟುಬಿಡಿ.”

ಮೂರನೆಯ ತಿಂಗಳಲ್ಲಿ ಒಂದು ಮಧ್ಯಾಹ್ನ ನಾನೂ ಮೇಸ್ತ್ರಿಯೂ ಗೂಳಿಯ ಕೆಳಗೆ ಅಂಗಾತ ಮಲಗಿದ್ದೆವು. ಅವನು ಆಯಿಲ್ ಚೇಂಬರಿಗೆ, ಎಂದರೆ ಇಂಜಿನ್ನಿನ ಎಣ್ಣೆ ನಿಲ್ಲುವ ತಳದ ತಟ್ಟೆಗೆ, ಮೆತ್ತಿದ್ದ ಮಣ್ಣನ್ನು ಕೆರೆಯುತ್ತಿದ್ದ. ಕೈ ನಿಂತಿತು. ಮೂರು ತಿಂಗಳಲ್ಲಿ ಮೊದಲ ಬಾರಿಗೆ ಅವನ ಬಾಯಿಂದ ಪೂರ್ಣ ವಾಕ್ಯ ಬಂತು.

“ಸಾರ್, ಈ ಇಂಜಿನ್ ಕೊಂದದ್ದು ನೀವಲ್ಲ.”

ತಟ್ಟೆಯಲ್ಲಿ ಬೆರಳುದ್ದದ ಬಿರುಕಿತ್ತು. ಕಲ್ಲಿಗೆ ತಾಗಿ ಆದದ್ದು. ಬಿರುಕಿನ ತುಂಬ ಬಟ್ಟೆ ತುರುಕಿತ್ತು. ಬಟ್ಟೆಯ ಸುತ್ತ ಕಲ್ಲಿನಂತೆ ಗಟ್ಟಿಯಾದ ಸೋಪು.

“ಸೋಪು ಮೆತ್ತಿ ತೂತು ಮುಚ್ಚೋದು ನಮ್ಮ ಕಸುಬಿನ ಹಳೇ ಉಪಾಯ ಸಾರ್. ಗ್ಯಾರೇಜು ಮುಟ್ಟೋ ತನಕ ತಡೆಯುತ್ತೆ. ಅದನ್ನ ನಂಬಿ ಸೇತುವೆವರೆಗೆ ಹೋಗಬಾರದು.” ಇಷ್ಟು ಮಾತಾಡಿದ ಆಯಾಸಕ್ಕೆ ಅವನು ಮುಂದಿನ ಒಂದು ವಾರ ಹೂಂ ಎನ್ನುವುದನ್ನೂ ಬಿಟ್ಟ.

ಬಟ್ಟೆಯನ್ನು ಸೀಮೆಎಣ್ಣೆಯಲ್ಲಿ ಜಾಲಿಸಿದೆ. ಅದೊಂದು ಕರವಸ್ತ್ರ. ಮೂಲೆಯಲ್ಲಿ ಹಸಿರು ದಾರದ ಗಿಳಿ, ಕೊಕ್ಕು ಸೊಟ್ಟ. ಆ ಗಿಳಿಯನ್ನು ನಾನು ಬಲ್ಲೆ. ನಮ್ಮ ಮನೆಯ ಪ್ರತಿ ದಿಂಬಿನ ಮೇಲೂ ಅದೇ ಇದೆ. ಮೂವತ್ತೊಂದು ವರ್ಷ ಆ ಸೊಟ್ಟ ಕೊಕ್ಕಿಗೆ ಕಿವಿಯಿಟ್ಟು ಮಲಗಿದ್ದೇನೆ. ಒಂದು ದಿನವೂ ಅದು ಬಾಯಿ ಬಿಟ್ಟಿರಲಿಲ್ಲ!

ನನ್ನಾಕೆ ಬೀನ್ಸ್ ಹೆಚ್ಚುತ್ತಿದ್ದಳು. ಕರವಸ್ತ್ರವನ್ನು ಅವಳ ಮುಂದೆ ಹರಡಿದೆ. ಚಾಕು ನಿಂತಿತು.

“ಎಲ್ಲಿ ಸಿಕ್ತು?”

“ಗೂಳಿಯ ಹೊಟ್ಟೆಯಲ್ಲಿ.”

“ಕೆಳಗಡೆ ಬಿಚ್ಚಬೇಡಿ ಅಂತ ನಾನು ಬಡ್ಕೊಂಡಿಲ್ವಾ?” ಎಂದು ಮೊದಲು ನನ್ನ ಮೇಲೆಯೇ ಏರಿಬಂದಳು. ಆಮೇಲೆ ಕಥೆ ಹೊರಬಿತ್ತು. ಮದುವೆಗೆ ಮುಂಚೆ ಕಾರ್ಖಾನೆಯ ಲಾರಿ ಚಾಲಕನಿಂದ ಗುಟ್ಟಾಗಿ ಚಾಲನೆ ಕಲಿತಿದ್ದಳಂತೆ. ಗೂಳಿ ಕೆಟ್ಟ ಆ ದಿನ ಬೆಳಗ್ಗೆ ಅಪ್ಪ ಏಳುವ ಮುಂಚೆ ಗೂಳಿಯನ್ನು ಹೊರಗೆ ತೆಗೆದು ಕಲ್ಲಿಗೆ ತಾಗಿಸಿದ್ದಳಂತೆ.

“ಸೋಪು ಚೆನ್ನಾಗೇ ಹಿಡ್ಕೊಂಡಿತ್ತು ರೀ. ಸಂಜೆ ಅಪ್ಪನಿಗೆ ಹೇಳೋಣ ಅಂತಿದ್ದೆ. ಪೇಟೆಯಿಂದ ಬರೋದ್ರಲ್ಲಿ ನೀವು ಹೋಗಿ...”

“ಮೂವತ್ತೊಂದು ವರ್ಷದಲ್ಲಿ ನಿನಗೆ ಒಂದು ದಿನಾನೂ ಸಂಜೆ ಆಗ್ಲೇ ಇಲ್ವಾ?”

“ಹೇಳಿದ್ರೆ ಅಪ್ಪ ನನ್ನ ಸುಮ್ನೆ ಬಿಡ್ತಿದ್ರಾ? ನಿಮಗಾದ್ರೆ ಮೇಷ್ಟ್ರು ಅಂತ ಊರ ತುಂಬ ಮರ್ಯಾದೆ ಇತ್ತು. ಸ್ವಲ್ಪ ಕಡಿಮೆಯಾದ್ರೆ ಗೊತ್ತಾಗಲ್ಲ ಅಂದ್ಕೊಂಡೆ.”

“ಇದನ್ನ ಎಲ್ಲರ ಮುಂದೆ ತೋರಿಸ್ತೀನಿ.”

“ತೋರ್ಸಿ. ಎಂಬತ್ತೈದು ತುಂಬಿದ ದಿನ, ನಿಮ್ಮ ಮಗಳು ಸುಳ್ಳಿ ಅಂತ ಅಪ್ಪನಿಗೆ ಉಡುಗೊರೆ ಕೊಡಿ.” ಕಣ್ಣು ಒರೆಸಿಕೊಂಡು, ಈರುಳ್ಳಿಯ ಘಾಟು ಎಂದಳು. ಹಲಗೆಯ ಮೇಲೆ ಇದ್ದದ್ದು ಬೀನ್ಸ್ ಮಾತ್ರ.

ಆ ದಿನ ಬಂತು. ಹಿತ್ತಲು ನೆಂಟರಿಂದ ತುಂಬಿತು. ಗಿಳಿ ನನ್ನ ಅಂಗಿಯ ಜೇಬಿನಲ್ಲಿತ್ತು. ಮಾವನವರು ಇಸ್ತ್ರಿ ಮಾಡಿದ ಅಂಗಿ ತೊಟ್ಟು, ತಲೆ ಬಾಚಿಕೊಂಡು, ಅರ್ಧ ಗಂಟೆ ಮೊದಲೇ ಮುಂದಿನ ಸೀಟಿನಲ್ಲಿ ಕುಳಿತಿದ್ದರು. ಹಳೆಯ ಗೆಳೆಯನ ಭುಜ ಸವರುವಂತೆ ಗೂಳಿಯ ಡ್ಯಾಶ್‌ಬೋರ್ಡನ್ನು ಸವರುತ್ತಿದ್ದರು. ಬಾಗಿಲಲ್ಲಿ ನಿಂತ ನನ್ನಾಕೆಯ ಕಣ್ಣು ನನ್ನ ಜೇಬಿನ ಮೇಲೆ. ಇಬ್ಬರನ್ನೂ ನೋಡಿದೆ. ಹೋಗಲಿ, ಗುಟ್ಟು ನನ್ನೊಂದಿಗೇ ಮಣ್ಣಾಗಲಿ ಎಂದು ನಿಶ್ಚಯಿಸಿದೆ. ಆ ಕ್ಷಣದಲ್ಲಿ ನನ್ನ ತಲೆಯ ಸುತ್ತ ಒಂದು ಪ್ರಭಾವಳಿ ಇದ್ದಿರಲೇಬೇಕು. ಬಿಸಿಲಿನಲ್ಲಿ ಯಾರಿಗೂ ಕಾಣಲಿಲ್ಲ.

ಕೀಲಿ ತಿರುಗಿಸಿದೆ. ಗೂಳಿ ಗುಡುಗಿತು! ಬೆಕ್ಕು ಹಿಂದಿನ ಕಿಟಕಿಯಿಂದ ರಾಜೀನಾಮೆ ಕೊಟ್ಟಿತು. ಚಪ್ಪಾಳೆ. ಕ್ಲಚ್ಚು ತುಳಿದೆ. ಅದು ಬಂಡೆ. ಕಾಲು ಜಾರಿತು. ಗೂಳಿ ಒಮ್ಮೆ ಕುಪ್ಪಳಿಸಿ ನಿಂತಿತು. ಮತ್ತೆ ಕೀಲಿ, ಮತ್ತೆ ಕುಪ್ಪಳ. ಹೀಗೆ ನಾಲ್ಕು ನೆಗೆತದಲ್ಲಿ ಕಪ್ಪೆಯಂತೆ ಗೇಟು ಮುಟ್ಟಿದೆವು.

“ಮತ್ತೆ ಕೊಲ್ತಿದ್ದೀರಾ, ಅಳಿಯಂದ್ರೇ?” ಎಂದರು ಮಾವನವರು.

ನನ್ನಾಕೆ ಒದ್ದೆ ಕೈಯನ್ನು ಒರೆಸಿಕೊಳ್ಳುತ್ತ ದಡದಡ ಬಂದಳು. “ಇಳೀರಿ.”

“ಏನು?”

“ಇಳೀರಿ ಅಂದೆ.”

ಇಳಿದೆ. ಮೂವತ್ತೊಂದು ವರ್ಷ ಹೊಲಿಗೆ ಯಂತ್ರ ತುಳಿದ ಆ ಕಾಲಿಗೆ ಕ್ಲಚ್ಚು ಕರಗಿದ ಬೆಣ್ಣೆಯಾಯಿತು. ಗೂಳಿ ಗೇಟು ದಾಟಿ, ಬೀದಿಯನ್ನು ಒಂದು ಸುತ್ತು ಹಾಕಿ, ಹಿಮ್ಮುಖವಾಗಿ ಹಿತ್ತಲಿಗೆ ಬಂದು, ಬಟ್ಟೆತಂತಿಯ ಕಂಬಕ್ಕೆ ನಾಲ್ಕು ಬೆರಳು ದೂರದಲ್ಲಿ ನಿಂತಿತು.

“ಅಕ್ಕಾ! ನೀನು ಯಾವಾಗ ಕಲಿತೆ?” ಎಂದ ಅವಳ ತಮ್ಮ, ವೈದ್ಯ.

ನನ್ನಾಕೆಯ ಮುಖ ಬಿಳುಚಿತು. ಪ್ರಭಾವಳಿ ಇನ್ನೂ ಆರಿರಲಿಲ್ಲವಾದ್ದರಿಂದ ನಾನು ಮುಂದೆ ಬಂದೆ. “ನಾನೇ ಕಲಿಸಿದೆ.”

ನಾಲ್ಕು ನೆಗೆತ ಕಂಡಿದ್ದ ಜನ ಬಿದ್ದು ಬಿದ್ದು ನಕ್ಕರು. ಎಲ್ಲರಿಗಿಂತ ಹೆಚ್ಚು ನಕ್ಕವರು ಮಾವನವರು.

“ಬಿಡಿ ಮೇಷ್ಟ್ರೇ. ಇವಳು ಕಲಿತು ಮೂವತ್ತೊಂದು ವರ್ಷದ ಮೇಲಾಯ್ತು. ಗೂಳಿ ಕೆಟ್ಟ ದಿನ ನನ್ನ ಸ್ನಾನದ ಸೋಪು ಕಾಣೆಯಾಗಿತ್ತು. ಅಲ್ನೋಡಿ, ಗಿಳಿ ನಿಮ್ಮ ಜೇಬಿಂದ ಇಣುಕ್ತಾ ಇದೆ.”

“ನಿಮಗೆ ಗೊತ್ತಿತ್ತಾ?” ನಾವಿಬ್ಬರೂ ಒಟ್ಟಿಗೇ ಕೂಗಿದೆವು.

“ಅವತ್ತೇ ಬಗ್ಗಿ ನೋಡಿದೆನಲ್ಲ. ಆ ಸೊಟ್ಟ ಕೊಕ್ಕಿನ ಗಿಳಿ ಇನ್ಯಾರು ಹಾಕ್ತಾರೆ?”

“ಮತ್ತೆ ನನಗ್ಯಾಕೆ ಮಾವ, ಇಷ್ಟು ವರ್ಷ...”

“ಮಗಳಿಗೆ ಬೈದ್ರೆ ಅಳ್ತಾಳೆ. ನಿಮಗೆ ಬೈದು ನೋಡಿದೆ, ಸುಮ್ನಿದ್ರಿ. ಸುಮ್ನಿರೋ ಅಳಿಯ ಎಲ್ಲರಿಗೂ ಸಿಕ್ತಾನಾ? ಖುಷಿಯಾಗಿ ಹಾಗೇ ಮುಂದುವರಿಸಿದೆ.” ಅನಂತರ ಕಾರಿನಿಂದ ಇಳಿದು, ನೆಟ್ಟಗೆ ನಿಂತು ಘೋಷಿಸಿದರು: “ಮಾತು ಅಂದ್ರೆ ಮಾತು. ‘ಇಂಜಿನ್ ಕೊಂದ ಅಳಿಯ’ ಅನ್ನೋದನ್ನ ಎಲ್ಲರ ಮುಂದೆ ವಾಪಸ್ ತಗೊಂಡಿದ್ದೀನಿ.”

ನನ್ನ ಎದೆ ಎಂಟು ಸಿಲಿಂಡರಿನಷ್ಟು ಉಬ್ಬಿತು.

“ತೂತು ನನ್ನ ಮಗಳದ್ದೇ,” ಎಂದು ಮುಂದುವರಿಸಿದರು. “ಆದ್ರೆ ಐದು ನಿಮಿಷ ಆ ಕೆಂಪು ದೀಪ ನೋಡ್ಕೊಂಡು ಆನಂದಪಟ್ಟೋರು ಯಾರು, ಮೇಷ್ಟ್ರೇ?”

ಹೂಂಮೇಸ್ತ್ರಿ ಕೂಡ ನನ್ನ ಕಡೆ ತಿರುಗಿ ನೋಡಿ, “ಹೂಂ?” ಎಂದ.

ಈಗ ಮಾವನವರು ಪ್ರತಿ ಭಾನುವಾರ ಗೂಳಿಯಲ್ಲಿ ಸವಾರಿ ಹೋಗುತ್ತಾರೆ. ಮುಂದಿನ ಸೀಟಿನಲ್ಲಿ ಕುಳಿತು, ಕಿಟಕಿಯಿಂದ ಮೊಣಕೈ ಹೊರಹಾಕಿ, ಕಂಡಕಂಡವರಿಗೆಲ್ಲ ಕೈ ಬೀಸುತ್ತಾರೆ. ಓಡಿಸುವುದು ಮಗಳು. ಹಿಂದೆ ನಮ್ಮ ನಡುಮನೆಯ ಪರದೆಯ ಮೇಲೆ ನಾನು ಮತ್ತು ರಾಜೀನಾಮೆ ಹಿಂತೆಗೆದುಕೊಂಡ ಬೆಕ್ಕು. ಕಾರಿಗೆ ಎರಡೇ ಬಾಗಿಲಾದ್ದರಿಂದ, ಮುಂದಿನವರು ಎದ್ದು ಸೀಟು ಬಗ್ಗಿಸುವವರೆಗೆ ನಮ್ಮಿಬ್ಬರಿಗೂ ಬಿಡುಗಡೆಯಿಲ್ಲ. ನನಗೆ ವಹಿಸಿರುವ ಕೆಲಸ ಒಂದೇ: ಎರಡು ಸೀಟುಗಳ ನಡುವೆ ಕತ್ತು ತೂರಿಸಿ ಕೆಂಪು ದೀಪದ ಮೇಲೆ ಕಣ್ಣಿಡುವುದು. ಪ್ರತಿ ತಿರುವಿನಲ್ಲೂ ಮಾವನವರು ಕೇಳುತ್ತಾರೆ: “ಮೇಷ್ಟ್ರೇ, ದೀಪ?” ನಾನು, “ಹತ್ತಿಲ್ಲ ಮಾವ,” ಎನ್ನಬೇಕು. ಮೂವತ್ತೈದು ವರ್ಷ ಹಾಜರಿ ಕೂಗಿದವನು ಈಗ ಹಾಜರಿ ಹೇಳುತ್ತಿದ್ದೇನೆ.

ಕಳೆದ ಭಾನುವಾರ ಗಾಳಿ ತಂಪಾಗಿತ್ತು. ಬೆಕ್ಕಿನ ಜೊತೆ ನನಗೂ ಸ್ವಲ್ಪ ಜೊಂಪು ಹತ್ತಿತು. “ಮೇಷ್ಟ್ರೇ, ದೀಪ?” ಎಂದದ್ದು ಎಲ್ಲೋ ದೂರದಲ್ಲಿ ಕೇಳಿಸಿತು. ಬಾಯಿ ತೆರೆಯುವಷ್ಟರಲ್ಲಿ ಮಾವನವರು, ಹಿಂದಕ್ಕೆ ತಿರುಗಿ ಸಹ ನೋಡದೆ, ಮಗಳಿಗೆ ಹೇಳಿದರು:

“ಗೈರುಹಾಜರಿ ಹಾಕ್ಕೋ.”