ಸಾಹೇಬರ ಚೆಂಡಿಗೆ ನಾನು ಎರೆದದ್ದು

ಕೂಸಿನ ತಲೆ ದುಂಡಗೆ ಮಾಡುವುದರಲ್ಲಿ ಲಿಂಗಸುಗೂರಿನಲ್ಲಿ ನನ್ನನ್ನು ಮೀರಿಸುವವರು ಇರಲಿಲ್ಲ. ಇದು ನಿಜಾಮರ ಕಾಲದ ಮಾತು. ಹುಟ್ಟಿದ ಕೂಸಿಗೆ ಎಣ್ಣೆ ಹಚ್ಚಿ, ಬಿಸಿನೀರು ಎರೆದು, ಅಂಗೈಯಿಂದ ಒತ್ತಿ ಒತ್ತಿ ತಲೆ ಸರಿ ಮಾಡುವುದು ನನ್ನ ಕಸುಬು. ಓದು ಬರಹ ಅಷ್ಟಕ್ಕಷ್ಟೆ. ನನ್ನ ಅಂಗೈಗೆ ತಿಳಿಯದ್ದು ಮಾತ್ರ ಏನೂ ಇಲ್ಲ ಎಂದು ನಂಬಿಕೊಂಡಿದ್ದೆ.

ನನ್ನ ಗಂಡ ಹೈದರಾಬಾದಿನಿಂದ ಬಂದ ಒಬ್ಬ ಸಾಹೇಬರ ಬಂಗಲೆಯಲ್ಲಿ ಮಾಲಿ. ಬಂಗಲೆಯ ಹಿಂದಿನ ಖೋಲಿಯೇ ನಮ್ಮ ಮನೆ. ಸಾಹೇಬರಿಗೆ ಒಂದು ಆಟದ ಹುಚ್ಚು. ಹುಲ್ಲಿನ ಮೇಲೆ ಮೊದಲು ಒಂದು ಸಣ್ಣ ಬಿಳಿ ಚೆಂಡು ಬಿಡುವುದು, ಆಮೇಲೆ ದೊಡ್ಡ ಚೆಂಡುಗಳನ್ನು ಉರುಳಿಸಿ ಅದರ ಹತ್ತಿರ ನಿಲ್ಲಿಸುವುದು. ದೊಡ್ಡವರು ಮಾಡಿದರೆ ಅದಕ್ಕೆ ಆಟ ಎನ್ನುತ್ತಾರೆ.

ಅವರ ಹಳೆಯ ಚೆಂಡುಗಳು ಕಟ್ಟಿಗೆಯವು. ಒಂದು ಬದಿಗೆ ತೂತು ಕೊರೆದು ಸೀಸ ಹೊಯ್ದಿದ್ದರು, ನೋಡಲು ಹೊಕ್ಕುಳಿನ ಹಾಗೆ. ಮೈ ಮಾತ್ರ ದುಂಡಗೆ. ಎಷ್ಟು ಎಣ್ಣೆ ಕುಡಿಸಿದರೂ ನಮ್ಮ ಬಿಸಿಲಿಗೆ ಬಿರಿಯುತ್ತಿದ್ದವು. ಸಾಹೇಬರು ಬೇಸತ್ತು ಹೊಸ ನಮೂನೆಯ ಗಟ್ಟಿ ರಬ್ಬರಿನ ಚೆಂಡು ತರಿಸಿದರು. ಪೆಟ್ಟಿಗೆ ಸಿಂಧನೂರಿನ ತನಕ ಬಂತು. ಅಲ್ಲಿಂದ ಬಂಡಿಯಲ್ಲಿ ತರಲು ನನ್ನ ಗಂಡ ಹೋದ. ಹೋಗುವಾಗ ಸಾಹೇಬರು ಹೇಳಿದ್ದರು, ಒಂದು ಚೆಂಡು ಕೆಟ್ಟರೂ ಖೋಲಿ ಖಾಲಿ ಮಾಡು ಎಂದು.

ಬೆಳಿಗ್ಗೆ ಪೆಟ್ಟಿಗೆ ಬಂತು. ಸಂಜೆಗೆ ಪರಸ್ಥಳದ ಮಂದಿ ಆಟಕ್ಕೆ ಬರುವವರಿದ್ದರು. ಧೂಳು ಒರೆಸೋಣ ಎಂದು ಒಂದು ಚೆಂಡು ಕೈಗೆತ್ತಿಕೊಂಡೆ. ಅಂಗೈಗೆ ಕೂಡಲೇ ತಿಳಿಯಿತು. ಒಂದು ಬದಿ ಉಬ್ಬಿತ್ತು. ಉಳಿದವನ್ನೂ ಮುಟ್ಟಿ ನೋಡಿದೆ. ಗಂಡನನ್ನು ಕರೆದೆ.

"ಯಾಕ್ರೀ, ದಾರ್ಯಾಗ ಪೆಟ್ಟಿಗಿ ಬಿದ್ದಿತ್ತೇನು?"

"ಮಸ್ಕಿ ಹಳ್ಳ ದಾಟುವಾಗ ಬಂಡಿ ಕುಕ್ಕರಿಸಿತ್ತು. ಯಾಕ?"

"ಚೆಂಡಿಗೆ ಬಾವು ಬಂದೈತಿ."

ಗಂಡ ನಿಂತಲ್ಲೇ ಕುಳಿತ. "ಎಲ್ಲಾಕ್ಕೂ?"

"ಎಲ್ಲಾಕ್ಕೂ. ಒಂದ ಕಡೀಗೆ."

"ಮುಗೀತು. ಗಂಟು ಕಟ್ಟು."

ಬಂಗಲೆಯಲ್ಲಿ ಅಡುಗೆ ಮಾಡುವ ಹುಸೇನಬಿ ಬಂದು ನೋಡಿದಳು. "ಅಕ್ಕಾ, ನನಗ ಛಂದ ಕಾಣ್ತಾವಲ್ಲ."

"ನೀ ಕಣ್ಣೀಲೆ ನೋಡಾಕತ್ತಿ. ನಾ ಕೈಲೆ ನೋಡಾಕತ್ತೀನಿ. ಸುಮ್ನ ಒಲಿಗೆ ಕಟ್ಟಿಗಿ ಹಾಕು."

ನೀರು ಕುದಿಯಿತು. ಚೆಂಡನ್ನು ಅದರಲ್ಲಿ ಬೇಯಿಸಿದೆ. ಕೆಟ್ಟ ವಾಸನೆ ಎದ್ದಿತು, ಆದರೆ ಮೈ ತುಸು ಮೆತ್ತಗಾಯಿತು. ಎಣ್ಣೆ ಹಚ್ಚಿ ಅಂಗೈಯಿಂದ ಒತ್ತಿದೆ. ಅಂಗೈ ಸುಟ್ಟಿತು, ಬಾವು ಇಳಿಯಲಿಲ್ಲ. ಇಷ್ಟು ಹಟಮಾರಿ ಕೂಸನ್ನು ನಾನು ಕಂಡಿರಲಿಲ್ಲ. ಬಟ್ಟೆ ಸುತ್ತಿ ಬೀಸುಕಲ್ಲಿನ ಕೆಳಗೆ ಇಟ್ಟೆ.

ಆರಿದ ಮೇಲೆ ತೆಗೆದೆ. ಬಾವು ಇಳಿದಿತ್ತು. ಅದರ ಜೊತೆಗೆ ಒಂದು ಕೆನ್ನೆಯೂ ಇಳಿದಿತ್ತು. ಆ ಕೆನ್ನೆಗೆ ಜೋಡಾಗಲಿ ಎಂದು ಇನ್ನೊಂದು ಕೆನ್ನೆಯನ್ನೂ ಒತ್ತಿದೆ. ಒಂದೇ ಬೇರೆ ಕಂಡರೆ ಸಾಹೇಬರಿಗೆ ಗೊತ್ತಾಗುತ್ತದೆ ಎಂದು ಹೆದರಿ ಎಲ್ಲವನ್ನೂ ಹಾಗೇ ಮಾಡಿದೆ.

ಹುಸೇನಬಿ ಸಾಲಾಗಿ ಇಟ್ಟ ಚೆಂಡುಗಳನ್ನು ನೋಡಿದಳು. "ಅಕ್ಕಾ, ಇವು ವಡಿ ಆಗ್ಯಾವ."

ಸಂಜೆ ನಾನು ಬೇವಿನ ಗಿಡದ ಹಿಂದೆ ನಿಂತೆ. ದೊಡ್ಡ ಮೀಸೆಯ ಅತಿಥಿಯೊಬ್ಬರು ಬಗ್ಗಿ ಚೆಂಡು ಉರುಳಿಸಿದರು. ಅದು ನಾಲ್ಕು ಹೆಜ್ಜೆ ಓಡಿ, ಕೆನ್ನೆಯ ಮೇಲೆ ಮಲಗಿತು. ಇನ್ನೊಂದು ಬಿಟ್ಟರು. ಅದೂ ಹೋಗಿ ಮಲಗಿತು.

ಸಾಹೇಬರು ಚೆಂಡನ್ನು ನೋಡಿದರು. ಆಮೇಲೆ ನನ್ನ ಗಂಡನನ್ನು ನೋಡಿದರು.

"ಮಸ್ಕಿ ಹಳ್ಳದಾಗ ಇವಕ್ಕ ಬಾವು ಬಂದಿತ್ರೀ ಸಾಹೇಬ್ರ," ಎಂದ ನನ್ನ ಗಂಡ. "ನಮ್ಮಾಕಿ ನೀರು ಎರದು ಇಳಿಸ್ಯಾಳ."

ಸಾಹೇಬರು ಕುರ್ಚಿ ಹುಡುಕಿ ಕುಳಿತರು. "ಅರೆ, ಅದು ಬಾವಲ್ಲೋ. ಈ ಚೆಂಡು ಸೊಟ್ಟ ಓಡಬೇಕು. ಮೊದಲು ಅದಕ್ಕ ಹೊಟ್ಟಿಯೊಳಗ ಸೀಸ ಹಾಕ್ತಿದ್ರು. ಈಗ ಸೀಸ ಬ್ಯಾಡಂತ ಮೈಯನ್ನ ಒಂದು ಕಡೆ ಉಬ್ಬಿಸಿ ಮಾಡ್ತಾರ. ಅದೇ ಇದರ ಹೊಸ ಹಿಕಮತ್ತು."

ಆ ಹಿಕಮತ್ತನ್ನು ನಾನು ಬೀಸುಕಲ್ಲಿನ ಕೆಳಗೆ ಇಟ್ಟಿದ್ದೆ.

ಮೀಸೆಯ ಅತಿಥಿ ಕಣ್ಣಲ್ಲಿ ನೀರು ಬರುವ ತನಕ ನಕ್ಕರು. ಅದೇ ನಮ್ಮನ್ನು ಉಳಿಸಿತು. ಅತಿಥಿ ನಗುತ್ತಿರುವಾಗ ಸಾಹೇಬರು ಸಿಟ್ಟಾಗುವುದು ಹೇಗೆ? ಬಿರಿದ ಕಟ್ಟಿಗೆಯ ಚೆಂಡುಗಳು ಹೊರಗೆ ಬಂದವು, ಆಟ ನಡೆಯಿತು, ಖೋಲಿ ಉಳಿಯಿತು. ಇನ್ನು ಮುಂದೆ ಮಾಲಿಯ ಹೆಂಡತಿ ಬಂಗಲೆಯ ಯಾವ ದುಂಡನೆಯ ವಸ್ತುವನ್ನೂ ಮುಟ್ಟಕೂಡದು ಎಂದು ಅಪ್ಪಣೆಯಾಯಿತು. ಹುಸೇನಬಿ ನನ್ನ ಕೈಗೆ ಉಳ್ಳಾಗಡ್ಡಿ ಸಹ ಕೊಡದಾದಳು.

ಅವಳು ಊರಿಗೆಲ್ಲ ಹೇಳಿದಳು. ಮುಂದೆ ಎರೆಯಲು ಹೋದ ಮನೆಯಲ್ಲಿ ಬಾಣಂತಿ ಕೂಸಿನ ತಲೆಯನ್ನು ಎರಡೂ ಕೈಯಲ್ಲಿ ಮುಚ್ಚಿ ಹಿಡಿದಳು. "ಅಕ್ಕಾ, ಮೈಗೆ ಬೇಕಾದಷ್ಟು ಎರಿ. ತಲಿ ಒಂದ ಮುಟ್ಟಬ್ಯಾಡ."

ಮುಟ್ಟಲಿಲ್ಲ. ಆ ವರ್ಷ ಹುಟ್ಟಿದ ಯಾವ ಕೂಸಿನ ತಲೆಯನ್ನೂ ನನ್ನಿಂದ ಯಾರೂ ಮುಟ್ಟಿಸಲಿಲ್ಲ. ಎಲ್ಲವೂ ತಾವಾಗಿಯೇ ದುಂಡಗಾದವು.