ಆಯುಧಪೂಜೆಗೆ ಬಂದ ಪದಕಗಳು

ನಮ್ಮ ಚಿಕ್ಕಪ್ಪನಿಗೆ ಒಂದು ರೋಗವಿದೆ, ಡಾಕ್ಟರಿಗೆ ಹೇಳುವಂಥದ್ದಲ್ಲ. ಮಂಕಾದ ಲೋಹ ಕಣ್ಣಿಗೆ ಬಿದ್ದರೆ ಸಾಕು, ಹುಣಸೆಹಣ್ಣು ಹಿಡಿದು ಉಜ್ಜಲು ಕೂರುತ್ತಾರೆ. ಅಮೆರಿಕದ ಕ್ಲಾರ್ಕ್ಸ್‌ಬರ್ಗಿಗೆ ಬಂದ ಹೊಸದರಲ್ಲಿ ಪಕ್ಕದ ಮನೆಯ ಬಾಗಿಲ ಹಿಡಿಯನ್ನು ತಿಕ್ಕುತ್ತ ನಿಂತಿದ್ದರು. ಆ ಮನೆಯವರು ಪೊಲೀಸರನ್ನು ಕರೆದರು. ಬಂದ ಪೊಲೀಸನ ಎದೆಯ ಬಿಲ್ಲೆಯ ಮೇಲೂ ಇವರಿಗೆ ಕಣ್ಣಿತ್ತಂತೆ!

"ನಿಮ್ಮ ಕೈ ಸುಮ್ನಿರಲ್ವಾ?" ಎಂದು ಚಿಕ್ಕಮ್ಮ ಕೇಳಿದರೆ, "ಅದು ಶೈನ್ ಆಗ್ತಿರ್ಲಿಲ್ಲ ಕಣೇ, ನಾನೇನ್ ಮಾಡ್ಲಿ?" ಎಂಬ ಉತ್ತರ.

ಇಂಥವರ ಕೈಗೆ ಎದುರು ಮನೆಯ ಅಜ್ಜಿ ತಮ್ಮ ತಂದೆಯ ಎರಡು ಪದಕಗಳನ್ನು ಕೊಟ್ಟರು. ತಂದೆ ಅಮೆರಿಕದ ಸೈನಿಕ. ಶತ್ರುಗಳು ದ್ವೀಪವೊಂದಕ್ಕೆ ನುಗ್ಗಿದಾಗ ಸೆರೆಸಿಕ್ಕಿ, ಯುದ್ಧ ಮುಗಿಯುವವರೆಗೂ ಶಿಬಿರದಲ್ಲಿ ಕೊಳೆತವರು. ಅಜ್ಜಿ ಮನೆ ಮಾರಿ ರಾಲಿ ಎಂಬ ಊರಿಗೆ, ಮಗಳ ಬಳಿಗೆ ಹೊರಟಿದ್ದರು. ತಂದೆಯದೆಂದು ಅವರ ಹತ್ತಿರ ಉಳಿದಿದ್ದದ್ದು ಅವೆರಡೇ. ಒಂದು ಫ್ರೇಮ್ ಹಾಕಿಕೊಡಿ ಎಂದಿದ್ದರು, ಅಷ್ಟೇ.

ಆದರೆ ಅಂದು ಆಯುಧಪೂಜೆಯ ಹಿಂದಿನ ದಿನ. ಚಿಕ್ಕಪ್ಪ ಬಿಟ್ಟಾರೆಯೇ? ಮರುದಿನ ನಾನು ಹೋದಾಗ ಕಾರಿನ ಕೀ, ಲ್ಯಾಪ್‌ಟಾಪು, ಮಿಕ್ಸಿಗಳ ನಡುವೆ ಪದಕಗಳು ಕುಂಕುಮ ಹಚ್ಚಿಕೊಂಡು ಫಳಫಳ ಹೊಳೆಯುತ್ತಿದ್ದವು. ಅವುಗಳ ರಿಬ್ಬನ್ನು ಮಾತ್ರ ಹುಣಸೆರಸ ಕುಡಿದು ಕಂದು ಬಣ್ಣಕ್ಕೆ ತಿರುಗಿತ್ತು.

"ಹಳೇ ಪದಕ ತೊಳೀಬಾರ್ದು ಚಿಕ್ಕಪ್ಪ. ಆ ಹಳೇತನಾನೇ ಅದರ ವ್ಯಾಲ್ಯೂ" ಎಂದೆ. ಅವರ ಮುಖ ಬಿಳಿಚಿಕೊಂಡಿತು. ಅಷ್ಟರಲ್ಲಿ, ಪ್ರಸಾದಕ್ಕೆಂದು ಅವರೇ ಕರೆದಿದ್ದ ಅಜ್ಜಿ ಬಾಗಿಲಲ್ಲಿ ನಿಂತಿದ್ದರು.

ಚಿಕ್ಕಪ್ಪ "ಸಾರಿ" ಎಂದರು. ರಿಬ್ಬನ್ನು ತೋರಿಸಿ ಮತ್ತೆ "ಸಾರಿ" ಎಂದರು. ಅಜ್ಜಿಯ ಕಣ್ಣು ದೀಪದ ಮೇಲಿತ್ತು. "ಇವುಗಳ ಮುಂದೆ ದೀಪ ಯಾಕೆ?" ಎಂದು ಇಂಗ್ಲಿಷಿನಲ್ಲಿ ಕೇಳಿದರು.

"ನಮಗೋಸ್ಕರ ದುಡಿದಿದ್ದಕ್ಕೆಲ್ಲ ಇವತ್ತು ಕೈ ಮುಗೀತೀವಿ" ಎಂದರು ಚಿಕ್ಕಪ್ಪ, ಅವರಿಗೆ ತಿಳಿಯುವ ಹಾಗೆ.

ಅಜ್ಜಿ ಕುರ್ಚಿ ಹಿಡಿದು ಕುಳಿತರು. "ಸಿಕ್ಕಿಬಿದ್ದವನಿಗೆ ಎಂಥ ಪದಕ ಅಂತ ಅಪ್ಪ ಇವನ್ನು ಗ್ಯಾರೇಜಿನ ಮೊಳೆ ಡಬ್ಬಿಗೆ ಹಾಕಿದ್ದರು. ಯಾರಿಗೂ ತೋರಿಸಲು ಬಿಡಲಿಲ್ಲ. ಅವರು ಹೋದ ಮೇಲೆ, ನಿಮ್ಮ ಕೈಗೆ ಕೊಡುವವರೆಗೂ, ನಾನೂ ತೋರಿಸಲಿಲ್ಲ."

ಆಮೇಲೆ ಫ್ರೇಮ್ ಬೇಡವೆಂದರು. ಕುಂಕುಮ ಒರೆಸಲು ಹೋದ ಚಿಕ್ಕಪ್ಪನ ಕೈ ತಡೆದು, ಪದಕಗಳನ್ನು ತಮ್ಮ ಸ್ವೆಟರಿಗೆ ಚುಚ್ಚಿಸಿಕೊಂಡರು. ಅವರನ್ನು ಮನೆಗೆ ಬಿಡಲು ನಾನೂ ಚಿಕ್ಕಪ್ಪನೂ ಜೊತೆಗೆ ನಡೆದೆವು. ನಾಯಿ ಹಿಡಿದು ಎದುರು ಬಂದವರೊಬ್ಬರು ಅವರ ಎದೆಯತ್ತ ನೋಡಿ ಏನಿದು ಎಂದು ಕೇಳಿದರು. ಅಜ್ಜಿ ನಿಂತರು.

"ನನ್ನ ಅಪ್ಪನವು" ಎಂದರು.