ಕೊಲೆಯ ಹೊತ್ತಿಗೆ ಹೆಪ್ಪು ಕೇಳಲು ಬಂದವಳು

ಟಕ್, ಟಕ್, ಟಕ್! ಸ್ಟೇಜಿನ ಪ್ಲೈವುಡ್ ಬಾಗಿಲನ್ನು ನಾನೇ ತಟ್ಟಿದ ಆ ಸದ್ದು ಇವತ್ತಿಗೂ ಕಿವಿಯಲ್ಲಿದೆ. ನಮ್ಮ ಮೈದುನರ ಪ್ರಕಾರ ಪ್ರಪಂಚದ ಟ್ರ್ಯಾಜಿಡಿಗಳಿಗೆಲ್ಲ ಒಂದೇ ಕಾರಣ: ಆ ಮನೆಗಳಿಗೆ ಅಕ್ಕಪಕ್ಕದವರೇ ಇರಲಿಲ್ಲ!

ಈ ಮೈದುನರು ಹೈಸ್ಕೂಲ್ ಮೇಷ್ಟರಾಗಿ ರಿಟೈರ್ ಆಗಿ, ಚನ್ನಗಿರಿಯಲ್ಲಿ ಸಣ್ಣದೊಂದು ನಾಟಕ ತಂಡ ಕಟ್ಟಿ, ಡೈರೆಕ್ಟರ್ ಆದವರು. ಎಪ್ಪತ್ತು ದಾಟಿದ ಮೇಲೆ ಕೈಗೆತ್ತಿಕೊಂಡದ್ದು ನಾನು ಕಾನ್ವೆಂಟಿನಲ್ಲಿ ಸಿಸ್ಟರ್ ಮುಂದೆ ಬೈಹಾರ್ಟ್ ಒಪ್ಪಿಸಿದ್ದ ಒಂದು ಹಳೆಯ ದುರಂತ ನಾಟಕ. ಸಂಶಯದ ಗಂಡ, ತಪ್ಪಿಲ್ಲದ ಹೆಂಡತಿ, ದಿಂಬು, ಕೊಲೆ. ಸಿಂಪಲ್! ಆದರೆ ನಮ್ಮ ಡೈರೆಕ್ಟರಿಗೆ?

"ಅತ್ಗೆ, ನಮ್ಮೂರು ನಲ್ಲೂರಾಗೆ ಇಂಥ ಕೊಲೆ ಮಾಡಾಕೆ ಆಗ್ತೈತೇನ್ರಿ? ದಿಂಬು ಎತ್ತೋದ್ರಾಗೆ ಪಕ್ಕದ ಮನೆಯಾಕೆ ಹೆಪ್ಪು ಕೇಳಾಕೆ ಬಂದಿರ್ತಾಳೆ!"

"ಹಾಗಾದರೆ ಹೆಂಡತಿ ಬದುಕಿದಳು. ಟ್ರ್ಯಾಜಿಡಿ ಎಲ್ಲಿ ಉಳೀತು?"

"ಬಂದು ಬಾಗ್ಲು ತಟ್ತಾಳೆ. ಒಳಗಿನ ಸದ್ದು ಕೇಳ್ತಾಳೆ. ಗಂಡ ಹೆಂಡ್ರ ಜಗಳ, ನಮಗ್ಯಾಕೆ ಅಂತ ವಾಪಸ್ ಹೋಗ್ತಾಳೆ. ಕೊಂದಿದ್ದು ಗಂಡ ಒಬ್ನೇ ಅಲ್ರಿ, ಆಕೇನೂ! ಆಕೆ ಹೋಗ್ಲೇಬೇಕು. ನೋಡ್ದೋರು ತಲೆ ತಗ್ಗಿಸ್ಬೇಕು."

ಆ ಪಕ್ಕದ ಮನೆಯವಳು ಯಾರು ಅಂತೀರಿ? ನಾನೇ! ನನಗಿದ್ದದ್ದು ಒಂದೇ ಮಾತು: "ಹೆಪ್ಪು ಐತೇನವ್ವಾ?" ಅದನ್ನೂ ನಾನು ಎಕ್ಸ್‌ಕ್ಯೂಸ್ ಮಿ ಧಾಟಿಯಲ್ಲಿ ಹೇಳುತ್ತೇನಂತೆ. ಅಭ್ಯಾಸವಾಗಲೆಂದು ದಿನಾ ಸಂಜೆ ಬೀದಿಯ ಒಂದೊಂದು ಮನೆಗೆ ನನ್ನನ್ನು ಬಟ್ಟಲು ಕೊಟ್ಟು ಅಟ್ಟಿದರು. ಡೈಲಾಗ್ ಸುಧಾರಿಸಲಿಲ್ಲ. ಫ್ರಿಜ್ಜಿನ ತುಂಬ ಮಾತ್ರ ಮೊಸರೋ ಮೊಸರು!

ಮೊದಲ ಶೋ ಬಿಳಿಚೋಡಿನಲ್ಲಿ. ದಿಂಬು ಮೇಲೆದ್ದಿತು, ನಾನು ಬಾಗಿಲು ತಟ್ಟಿದೆ, ಒಳಗಿಂದ ಹೆಂಡತಿ ಚೀರಿದಳು. ನಾನು ತಿರುಗಿ ಹೊರಟೆ ನೋಡಿ, ಮುಂದಿನ ಸಾಲಿನ ಅಜ್ಜಿಯೊಬ್ಬಳು ಎದ್ದು ನಿಂತಳು.

"ಎತ್ತಾಗ್ ಹೊಂಟೀಯೇ? ಒಳಗೆ ಆ ಹುಡುಗೀನ ಸಾಯಿಸಾಕ್ ಹತ್ಯಾನೆ! ಬಾಗ್ಲು ಒದಿಯೇ, ನಿನ್ ಹೆಪ್ಪಿನ ಮನೆ ಹಾಳಾಗ!"

ಊರೇ ದನಿಗೂಡಿಸಿತು. ನಾನೇನು ಮಾಡಲಿ? ಒದ್ದೆ! ಬಾಗಿಲು, ಗೋಡೆ, ಕಿಟಕಿ ಸಮೇತ ಇಡೀ ಮನೆ ಗಂಡನ ಮೇಲೆ ಬಿತ್ತು. ಹೆಂಡತಿ ಎದ್ದು ಓಡಿದಳು. ಎಂಥ ಚಪ್ಪಾಳೆ ಅಂತೀರಿ!

ವ್ಯಾನಿನಲ್ಲಿ ವಾಪಸ್ ಬಂದೆವು. ಮನೆ ಮುಟ್ಟಿದ ಮೇಲೆ ಮೈದುನರು ಅಂದದ್ದು ಇಷ್ಟೇ: "ಜನಕ್ಕೆ ನಾಚಿಕೆ ಆಗ್ಲಿ ಅಂತ ಮಾಡಿದ್ದೆ ಅತ್ಗೆ. ನೀವು ಹಬ್ಬ ಮಾಡಿಸಿದ್ರಿ. ಮುಂದಿನ ಶೋ ಹೊನ್ನಾಳ್ಯಾಗೆ, ಅಲ್ಲಾದ್ರೂ ವಾಪಸ್ ಹೋಗ್ತೀರೋ ಇಲ್ವೋ?"

"ಸಾರಿ, ನನ್ನ ಕೈಲಾಗದು."

"ಬಿಡ್ರಿ, ನಾನೇ ಹೋಗ್ತೀನಿ. ನಿಮ್ದೊಂದು ಸೀರೆ ಕೊಡ್ರಿ."

ಹೊನ್ನಾಳಿಯ ಸ್ಟೇಜಿಗೆ ನನ್ನ ಹಸಿರು ಸೀರೆಯುಟ್ಟು ಬಂದರು, ಬಿಳಿ ಮೀಸೆಯನ್ನು ಸೆರಗಿನಲ್ಲಿ ಮುಚ್ಚಿಕೊಂಡು! ಜನ ಬಿದ್ದು ಬಿದ್ದು ನಕ್ಕರು. ಬಾಗಿಲು ತಟ್ಟಿದರು. ಒಳಗಿನ ಚೀರಾಟಕ್ಕೆ ಜನರ ನಗು ನಿಂತಿತು. ಇನ್ನು ತಿರುಗಿ ನಡೆಯಬೇಕು. ಒಂದು ಹೆಜ್ಜೆ ಇಟ್ಟರು, ನಿಂತುಬಿಟ್ಟರು. ಮತ್ತೆ ಬಂದು ಬಾಗಿಲಿಗೆ ಹಣೆ ಆನಿಸಿದರು. ಯಾರೂ ಕೂಗಲಿಲ್ಲ. ಒಳಗೆ ಗಂಡ ದಿಂಬು ಹಿಡಿದುಕೊಂಡೇ ಕಾಯುತ್ತಿದ್ದ. ಪರದೆ ಎಳೆಯುವವನು ಪಕ್ಕದಲ್ಲೇ ನಿಂತಿದ್ದ ನನ್ನ ಮುಖ ನೋಡಿದ. ಈಗಲೇ ಬೇಡ ಎಂದು ಕೈಯಾಡಿಸಿದೆ.

ಶೋ ಮುಗಿದ ಮೇಲೆ ನಾನು ಹೊನ್ನಾಳಿಯಲ್ಲೇ ತಂಗಿಯ ಮನೆಯಲ್ಲಿ ಉಳಿದೆ. ಅವರು ಸೀರೆಯನ್ನೂ ಬದಲಿಸದೆ ವ್ಯಾನ್ ಹತ್ತಿದರು. ಕಿಟಕಿಯಿಂದ ಬಗ್ಗಿ, "ನನ್ ಕೈಲೂ ಆಗ್ಲಿಲ್ಲ ನೋಡ್ರಿ ಅತ್ಗೆ" ಎನ್ನುತ್ತ ಸೆರಗಿನಲ್ಲಿ ಮೂಗು ಒರೆಸಿಕೊಂಡರು. ನನ್ನ ಒಳ್ಳೆಯ ಸೀರೆ! ಬೈಯಲು ಬಾಯಿ ತೆರೆಯುವಷ್ಟರಲ್ಲಿ ವ್ಯಾನ್ ಹೊರಟಿತು. ಅವರನ್ನು ಜೀವಂತವಾಗಿ ನಾನು ಕಡೆಯ ಸಲ ನೋಡಿದ್ದು ಹಾಗೆ.